ಅಫರ್ವತ್ ತುದಿಯಿಂದ ಆರೂ ಜನ ಒಟ್ಟಿಗೆ ಇಳಿಯಬಹುದಾ?

ಪ್ರಶ್ನೆ: ನಾವು ಪುಣೆಯಲ್ಲಿರುವ ಆರು ಜನ ಕನ್ನಡಿಗ ಸ್ನೇಹಿತರು. ಹಿಂಜವಡಿ, ಖರಾಡಿ ಕಡೆ ಕೆಲಸ. ಬರುವ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ಗೆ ಸ್ಕೀಯಿಂಗ್‌ಗೆ ಹೋಗೋಣ ಅಂತ ಇದ್ದೇವೆ. ಒಬ್ಬ ಗೆಳೆಯ ಕೆಲವು ವರ್ಷ ಜರ್ಮನಿಯಲ್ಲಿದ್ದು ಆಲ್ಪ್ಸ್‌ನಲ್ಲಿ ಚೆನ್ನಾಗಿ ಸ್ಕೀ ಮಾಡಿದ್ದಾನೆ. ನಾನು ಮತ್ತು ಒಬ್ಬಳು ಗೆಳತಿ ಮನಾಲಿಯಲ್ಲಿ ಬೇಸಿಕ್ ಕೋರ್ಸ್ ಮುಗಿಸಿದ್ದೇವೆ. ಉಳಿದ ಮೂವರು ಹಿಮವನ್ನೇ ನೋಡಿಲ್ಲ. ಅವರಲ್ಲಿ ನನ್ನ ಅಕ್ಕನಿಗೆ ಆಗಾಗ ಮೊಣಕಾಲು ನೋವು. ಗೊಂಡೊಲಾದಲ್ಲಿ (ಕೇಬಲ್ ಕಾರಿನಲ್ಲಿ) ಅಫರ್ವತ್ ಬೆಟ್ಟದ ತುದಿಗೆ ಹೋಗಿ ಆರೂ ಜನ ಒಟ್ಟಿಗೆ ಸ್ಕೀ ಮಾಡುತ್ತಾ ಇಳಿಯಬೇಕು ಅನ್ನೋದು ಆಸೆ. ಐದು ದಿನ ರಜೆ ಇದೆ. ಇದು ಸಾಧ್ಯವಾ? ಇಲ್ಲದಿದ್ದರೆ ಔಲಿ ಅಥವಾ ಮನಾಲಿ ವಾಸಿಯಾ? ಇಲ್ಲಿಂದ ಏನೇನು ಕೊಂಡು ಹೋಗಬೇಕು?

ಉತ್ತರ: ಆರೂ ಜನ ಒಟ್ಟಿಗೆ ತುದಿಗೆ ಹೋಗಬಹುದು. ಅಲ್ಲಿ ನಿಂತು ಸುತ್ತಲಿನ ಬೆಟ್ಟಗಳನ್ನು ನೋಡಬಹುದು, ಫೋಟೋ ತೆಗೆಸಿಕೊಳ್ಳಬಹುದು. ಆದರೆ ಅಲ್ಲಿಂದ ಆರೂ ಜನ ಸ್ಕೀ ಹಾಕಿಕೊಂಡು ಇಳಿಯುವುದು ಐದು ದಿನದಲ್ಲಿ ಆಗುವ ಮಾತಲ್ಲ. ಇದನ್ನು ಮೊದಲೇ ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಈ ಆಸೆ ಇಟ್ಟುಕೊಂಡೇ ವಿಮಾನ ಹತ್ತಿದರೆ ಅಲ್ಲಿ ಪ್ರತಿ ದಿನದ ತೀರ್ಮಾನವೂ ಅದರ ಹಿಂದೆಯೇ ಓಡುತ್ತದೆ. "ಇವತ್ತು ಆಗಲಿಲ್ಲ, ನಾಳೆ ಹೋಗೇಬಿಡೋಣ" ಅನ್ನುವ ಮಾತು ಶುರುವಾಗುತ್ತದೆ. ಕಡಿದಾದ ಬೆಟ್ಟದಲ್ಲಿ ನನಗೆ ತುಂಬ ಭಯ ಹುಟ್ಟಿಸುವುದು ಈ ಮಾತು.

ಬೆಟ್ಟ ಹೇಗಿದೆ ಅಂತ ಮೊದಲು ನೋಡೋಣ. ಗುಲ್ಮಾರ್ಗ್ ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೊಲಾದ ಮೊದಲ ಹಂತ ನಿಮ್ಮನ್ನು ಕೊಂಗ್ಡೂರಿಗೆ ಬಿಡುತ್ತದೆ. ಅದು 3,000 ಮೀಟರ್‌ಗಿಂತ ಸ್ವಲ್ಪ ಮೇಲೆ. 2005ರಲ್ಲಿ ಶುರುವಾದ ಎರಡನೇ ಹಂತ ಅಲ್ಲಿಂದ ಅಫರ್ವತ್‌ನ ಹೆಗಲಿಗೆ, ಸುಮಾರು 3,950 ಮೀಟರ್‌ಗೆ ಒಯ್ಯುತ್ತದೆ. ಅಂದರೆ ತುದಿಯಿಂದ ಊರಿಗೆ ಸುಮಾರು 1,300 ಮೀಟರ್ ಇಳಿತ. ಪುಣೆ ಪಕ್ಕದ ಸಿಂಹಗಡದ ತುದಿಯಿಂದ ಹೊರಟು ಸಮುದ್ರ ಮಟ್ಟಕ್ಕೆ ಬಂದು ನಿಂತಷ್ಟು, ಅದೂ ಕಾಲಿಗೆ ಸ್ಕೀ ಕಟ್ಟಿಕೊಂಡು.

ಎತ್ತರಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಯುರೋಪಿನಲ್ಲಿ ನಿಮ್ಮ ಗೆಳೆಯ ಇಳಿದ ಜಾಗಗಳಲ್ಲಿ ರಾತ್ರಿಯೆಲ್ಲ ಯಂತ್ರ ಓಡಿಸಿ ಹಿಮವನ್ನು ಸಮ ಮಾಡಿರುತ್ತಾರೆ. ಹಸಿರು, ನೀಲಿ, ಕೆಂಪು, ಕಪ್ಪು ಅಂತ ಬಣ್ಣದ ಗುರುತು ಹಾಕಿರುತ್ತಾರೆ. ನೀಲಿ ಅಂದರೆ ಸುಮಾರು 14 ಡಿಗ್ರಿವರೆಗಿನ ಇಳಿಜಾರು, ಕೆಂಪು ಅಂದರೆ ಸುಮಾರು 22 ಡಿಗ್ರಿವರೆಗೆ, ಅದಕ್ಕಿಂತ ಕಡಿದಾದದ್ದು ಕಪ್ಪು. ಗುಲ್ಮಾರ್ಗ್‌ನ ಎರಡನೇ ಹಂತದಲ್ಲಿ ಇಂಥ ಸಿದ್ಧ ದಾರಿಗಳನ್ನು ನಿರೀಕ್ಷಿಸಬೇಡಿ. ಬಿದ್ದ ಹಿಮ ಬಿದ್ದ ಹಾಗೇ ಇರುತ್ತದೆ. ಬೆಳಿಗ್ಗೆ ಹಿಟ್ಟಿನಂತಿದ್ದದ್ದು ಬಿಸಿಲಿಗೆ ಮೆತ್ತಗಾಗಿ, ಸಂಜೆಗೆ ಗಟ್ಟಿ ಪದರ ಕಟ್ಟಿರುತ್ತದೆ. ಮೊಣಕಾಲುದ್ದದ ಹಿಮದಲ್ಲಿ ತಿರುಗುವುದು ಬೇರೆಯೇ ವಿದ್ಯೆ. ಸಮ ಮಾಡಿದ ದಾರಿಯಲ್ಲಿ ಎಷ್ಟೇ ಚೆನ್ನಾಗಿ ಇಳಿದವರಿಗೂ ಇಲ್ಲಿ ಮೊದಲ ದಿನ ಕಷ್ಟವಾಗುತ್ತದೆ. ಹಾಗಾಗಿ ಆಲ್ಪ್ಸ್ ಗೆಳೆಯನೂ ಮೊದಲ ದಿನವೇ ತುದಿಗೆ ಹೋಗುವುದು ಬೇಡ.

ಹೊಸಬರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಅವರಿಗೆ ಹೆದರಿಕೆ ಇರುತ್ತದೆ, ಆ ಹೆದರಿಕೆಯೇ ಅವರನ್ನು ಕಾಯುತ್ತದೆ. ಚಿಂತೆ ಇರುವುದು ನಿಮ್ಮಿಬ್ಬರದು, ಬೇಸಿಕ್ ಕೋರ್ಸ್ ಮುಗಿಸಿದವರದು. ನಿಮಗೆ ನಿಲ್ಲಲು ಬರುತ್ತದೆ, ತಿರುಗಲು ಬರುತ್ತದೆ, ಬೀಳುವ ಭಯ ಹೋಗಿದೆ. ಜೊತೆಗೆ ನಿಮಗಿಂತ ಚೆನ್ನಾಗಿ ಬಲ್ಲ ಗೆಳೆಯ ಒಬ್ಬ ಇದ್ದಾನೆ. "ಬನ್ರೋ, ನಾನಿದ್ದೀನಲ್ಲ" ಅನ್ನುತ್ತಾನೆ, ಪ್ರೀತಿಯಿಂದಲೇ ಅನ್ನುತ್ತಾನೆ. ಬೇಡ ಅನ್ನಲು ನಿಮಗೆ ಮನಸ್ಸು ಬರುವುದಿಲ್ಲ.

ಅಲ್ಲಿ ಆಗುವುದು ಇಷ್ಟು. ಇಳಿಜಾರು ಕಡಿದಾದ ಕೂಡಲೇ ಮೈ ತಾನಾಗಿ ಹಿಂದಕ್ಕೆ, ಬೆಟ್ಟದ ಕಡೆಗೆ ವಾಲುತ್ತದೆ. ಭಾರ ಹಿಮ್ಮಡಿಗೆ ಹೋಗುತ್ತದೆ. ಸ್ಕೀಯ ಮುಂಭಾಗ ಹಗುರಾಗಿ, ಅದು ಮಾತು ಕೇಳುವುದನ್ನು ಬಿಡುತ್ತದೆ. ತಿರುಗಬೇಕು ಅಂದರೆ ತಿರುಗುವುದಿಲ್ಲ, ವೇಗ ಮಾತ್ರ ಏರುತ್ತದೆ. ಕೋರ್ಸಿನಲ್ಲಿ ಕಲಿತ ವಿ ಆಕಾರದ ಬ್ರೇಕ್ ಸಣ್ಣ ಇಳಿಜಾರಿಗೆ ಸಾಕು. ಕಡಿದಾದ ಕಡೆ ಅದನ್ನೇ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿಗೇ ತೊಡೆ ಉರಿಯತೊಡಗುತ್ತದೆ. ಆಮೇಲೆ ಹತ್ತು ಮೀಟರ್‌ಗೊಮ್ಮೆ ಬೀಳುವುದು, ಏಳುವುದು. ಆಳದ ಹಿಮದಲ್ಲಿ ಒಮ್ಮೆ ಎದ್ದು, ಕಳಚಿದ ಸ್ಕೀ ಹುಡುಕಿ ಹಾಕಿಕೊಳ್ಳುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ. ಕೆಳಗೆ ಕಾಯುವ ಗೆಳೆಯ ಬೆವರು ಆರಿ ನಡುಗುತ್ತಿರುತ್ತಾನೆ. ಮೋಡ ಬಂದರೆ ಮೇಲಿರುವವರು ಕಾಣಿಸುವುದೂ ಇಲ್ಲ.

ಅದಕ್ಕೇ ನಿಮ್ಮಿಬ್ಬರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಕೊಂಗ್ಡೂರಿಯ ಇಳಿಜಾರಿನಲ್ಲಿ ಇನ್‌ಸ್ಟ್ರಕ್ಟರ್ ಮುಂದೆ ಮಾಡಿ ತೋರಿಸಿ. ಅವರು "ನಿಲ್ಲಿ" ಅಂದ ಕೂಡಲೇ ಎರಡು ಸ್ಕೀಗಳನ್ನೂ ಅಡ್ಡ ತಿರುಗಿಸಿ ನಿಲ್ಲಬೇಕು, ಎಡಕ್ಕೂ ಬಲಕ್ಕೂ. ಸ್ಕೀ ಅಡ್ಡ ಇಟ್ಟುಕೊಂಡೇ ಪಕ್ಕಕ್ಕೆ ಜಾರುತ್ತಾ ನಿಧಾನ ಇಳಿಯಲು ಬರಬೇಕು. ಇದಕ್ಕೆ ಸೈಡ್ ಸ್ಲಿಪ್ ಅನ್ನುತ್ತಾರೆ. ಕಡಿದಾದ ಜಾಗದಲ್ಲಿ ಸಿಕ್ಕಿಕೊಂಡಾಗ ಪಾರು ಮಾಡುವುದು ಇದೊಂದೇ. ದಾರಿಯ ಅಂಚಿನಲ್ಲಿ ತುಳಿಯದ ಹಿಮ ಇರುತ್ತದೆ, ಅದರಲ್ಲೂ ನಾಲ್ಕಾರು ತಿರುವು ಬಿಡದೆ ತೆಗೆದುಕೊಳ್ಳಬೇಕು. ಇದನ್ನೆಲ್ಲ ಬೆಳಿಗ್ಗೆ ಮಾಡಿದರೆ ಲೆಕ್ಕಕ್ಕಿಲ್ಲ. ಮಧ್ಯಾಹ್ನ ಮೂರರ ಮೇಲೆ, ಕಾಲು ಸೋತಾಗ ಮಾಡಿ ತೋರಿಸಿ. ಆಗಲೂ ಬಂತು, ಗೈಡ್ ಕೂಡ ಹೂಂ ಅಂದರು ಅಂದರೆ ಕೊನೆಯ ದಿನ ಅವರ ಜೊತೆ ಎರಡನೇ ಹಂತ ಹತ್ತಿ. ಇಲ್ಲದಿದ್ದರೆ ಕೊಂಗ್ಡೂರಿಯಲ್ಲೇ ಖುಷಿಯಾಗಿರಿ. ಅಲ್ಲಿಂದ ಊರಿಗೆ ಇಳಿಯುವ ದಾರಿ ನಿಮ್ಮ ಮಟ್ಟಕ್ಕೆ ಸಾಕಷ್ಟು ಸವಾಲಿನದು. ಪಕ್ಕದಲ್ಲಿ ಚೇರ್‌ಲಿಫ್ಟ್ ಕೂಡ ಇದೆ.

ಹಾಗಾದರೆ ಒಟ್ಟಿಗೆ ಇರುವುದು ಯಾವಾಗ ಅಂತ ಕೇಳುತ್ತೀರಿ. ಗುಲ್ಮಾರ್ಗ್ ಈ ವಿಷಯದಲ್ಲಿ ನಿಮಗೆ ತುಂಬ ಅನುಕೂಲದ ಜಾಗ, ಯಾಕೆಂದರೆ ಕೊಂಗ್ಡೂರಿ ನಡುವೆ ಇದೆ. ತಿಂಡಿ, ಊಟ, ಕಾವಾ (ಕಾಶ್ಮೀರಿ ಚಹಾ) ಎಲ್ಲ ಅಲ್ಲಿ ಸಿಗುತ್ತದೆ. ಸ್ಕೀ ಬಾರದವರು ಗೊಂಡೊಲಾದಲ್ಲಿ ಬಂದು ಗೊಂಡೊಲಾದಲ್ಲೇ ಇಳಿಯಬಹುದು. ಮೇಲಿನವರು ಇಳಿದು ಬಂದು ಸೇರಬಹುದು. ದಿನಾ ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ಆರೂ ಜನ ಒಟ್ಟಿಗೆ ಊಟ ಅಂತ ಪುಣೆಯಲ್ಲೇ ನಿಶ್ಚಯ ಮಾಡಿ. ಇದು ಬರೀ ಊಟದ ಏರ್ಪಾಡಲ್ಲ, ಹಾಜರಿ ಕೂಡ ಹೌದು. ಒಂದೂವರೆಯಾದರೂ ಯಾರಾದರೂ ಬಂದಿಲ್ಲ ಅಂದರೆ ತಕ್ಷಣ ಫೋನ್, ಆಮೇಲೆ ಬೆಟ್ಟದ ರಕ್ಷಣಾ ತಂಡವಾದ ಸ್ಕೀ ಪ್ಯಾಟ್ರೋಲ್‌ಗೆ ತಿಳಿಸುವುದು. ಸಂಜೆ ಹೋಟೆಲಿಗೆ ಬಂದ ಮೇಲೆ ಹುಡುಕಲು ಶುರು ಮಾಡಿದರೆ ಕತ್ತಲಾಗಿರುತ್ತದೆ. ಪ್ರೀಪೇಯ್ಡ್ ಸಿಮ್ ನೆಚ್ಚಿಕೊಳ್ಳಬೇಡಿ, ಹೊರ ರಾಜ್ಯದ ಪ್ರೀಪೇಯ್ಡ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಇರುವವರು ಪ್ರತಿ ಸಣ್ಣ ಗುಂಪಿನಲ್ಲೂ ಒಬ್ಬರಾದರೂ ಇರಲಿ.

ನಾಲ್ಕನೇ ದಿನದ ಹೊತ್ತಿಗೆ ಹೊಸಬರೂ ಸ್ವಲ್ಪ ಹಿಡಿತ ಕಂಡಿರುತ್ತಾರೆ. ಆಗ ಊಟದ ನಂತರ ಒಂದು ಗಂಟೆ ಎಲ್ಲರೂ ಕೆಳಗಿನ ಮೆತ್ತಗಿನ ಇಳಿಜಾರಿನಲ್ಲಿ ಒಟ್ಟಿಗೆ ಆಡಿ. ಬಲ್ಲವರು ಹೊಸಬರ ಹಿಂದೆ ಬರಲಿ, ಮುಂದೆ ಹೋಗಿ ಕಾಯುವುದು ಬೇಡ. ಮುಂದಿರುವವರಿಗೆ ಯಾವತ್ತೂ ದಾರಿ ಬಿಡಬೇಕು. ಹಿಂದಿನಿಂದ ಬರುವವರಿಗೆ ಮುಂದಿನವರು ಕಾಣುತ್ತಾರೆ, ಅವರಿಗೆ ಇವರು ಕಾಣುವುದಿಲ್ಲ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳಲ್ಲಿ ಇದೂ ಒಂದು. ನಿಲ್ಲುವುದಾದರೆ ಅಂಚಿಗೆ ಹೋಗಿ, ಮೇಲಿನವರಿಗೆ ಕಾಣುವ ಜಾಗದಲ್ಲಿ ನಿಲ್ಲಿ. ಉಬ್ಬಿನ ಕೆಳಗೆ ನಿಂತು ಹರಟುವ ಗುಂಪಿಗೆ ಯಾರಾದರೂ ಬಂದು ಡಿಕ್ಕಿ ಹೊಡೆಯುವುದು ಸಾಮಾನ್ಯ.

ಇನ್ನೊಂದು ಮಾತು, ಇದರಲ್ಲಿ ರಾಜಿ ಬೇಡ: ಗೆಳೆಯ ಗೆಳೆಯನಿಗೆ ಸ್ಕೀ ಕಲಿಸಬಾರದು. ಗಂಡ ಹೆಂಡತಿಗೆ ಕಾರು ಕಲಿಸಲು ಕೂತರೆ ಮನೆಯಲ್ಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಇಲ್ಲೂ ಅದೇ. ಕಲಿಸುವವನ ರಜೆಯೂ ಹಾಳು, ಕಲಿಯುವವರ ಧೈರ್ಯವೂ ಹಾಳು. ಮೂವರು ಹೊಸಬರಿಗೆ ಸೇರಿಸಿ ಒಬ್ಬ ಇನ್‌ಸ್ಟ್ರಕ್ಟರ್ ಗೊತ್ತು ಮಾಡಿ, ಸತತ ಮೂರು ದಿನಕ್ಕೆ, ಒಬ್ಬರೇ. ದಿನಕ್ಕೊಬ್ಬರು ಬದಲಾದರೆ ಪ್ರತಿ ದಿನ ಅ ಆ ಇ ಈಯಿಂದಲೇ ಶುರುವಾಗುತ್ತದೆ. ಗುಲ್ಮಾರ್ಗ್‌ನಲ್ಲಿ ಸ್ಥಳೀಯ ಇನ್‌ಸ್ಟ್ರಕ್ಟರ್‌ಗಳು ಬಹಳ ಜನ ಇದ್ದಾರೆ, ಅಲ್ಲೇ ಬೆಳೆದವರು, ಬೆಟ್ಟ ಬಲ್ಲವರು. ದಾರಿಯಲ್ಲಿ ಅಡ್ಡಗಟ್ಟಿ ಕರೆಯುವವರ ಜೊತೆ ಹೋಗುವ ಬದಲು ಮೊದಲೇ ವಿಚಾರಿಸಿ, ಯಾವ ಕೋರ್ಸ್ ಮಾಡಿದ್ದಾರೆ, ಪ್ರಥಮ ಚಿಕಿತ್ಸೆ ಬರುತ್ತದಾ ಅಂತ ಕೇಳಿ.

ಬಾಡಿಗೆ ಅಂಗಡಿಯಲ್ಲಿ ಅವಸರ ಮಾಡಬೇಡಿ. ನಾನು ನೋಡಿದ ಹಾಗೆ ಹೊಸಬರ ಅರ್ಧ ತೊಂದರೆ ಬೂಟಿನಿಂದ. "ಸ್ವಲ್ಪ ಸಡಿಲ ಇರಲಿ, ಆರಾಮಾಗಿರುತ್ತೆ" ಅಂತ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳುತ್ತಾರೆ. ಬೂಟಿನೊಳಗೆ ಕಾಲು ಅಲ್ಲಾಡಿದರೆ ಸ್ಕೀಗೆ ನಿಮ್ಮ ಮಾತು ತಲುಪುವುದೇ ಇಲ್ಲ. ಸರಿಯಾದ ಬೂಟು ಹೀಗಿರುತ್ತದೆ: ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ತಾಗಬೇಕು. ಮೊಣಕಾಲು ಬಗ್ಗಿಸಿ ಮುಂದೆ ಬಾಗಿದಾಗ ಬೆರಳು ಸ್ವಲ್ಪ ಹಿಂದೆ ಸರಿದು ತಾಗುವುದು ನಿಲ್ಲಬೇಕು. ಹಿಮ್ಮಡಿ ಮೇಲೇಳಬಾರದು. ಒಂದೇ ಜೊತೆ ತೆಳು ಉಣ್ಣೆ ಸಾಕ್ಸ್ ಹಾಕಿ, ಪ್ಯಾಂಟಿನ ತುದಿ ಬೂಟಿನೊಳಗೆ ಸಿಕ್ಕಿಸಬೇಡಿ. ಎರಡು ಜೊತೆ ದಪ್ಪ ಸಾಕ್ಸ್ ಹಾಕಿದರೆ ರಕ್ತ ಓಡಾಟ ಕಮ್ಮಿಯಾಗಿ ಕಾಲು ಇನ್ನೂ ಜಾಸ್ತಿ ತಣ್ಣಗಾಗುತ್ತದೆ. ಬೂಟು ಹಾಕಿ ಅಂಗಡಿಯಲ್ಲೇ ಹತ್ತು ನಿಮಿಷ ನಿಂತಿರಿ. ನೋವು ಒಂದೇ ಜಾಗದಲ್ಲಿ ಚುಚ್ಚಿದರೆ ಬದಲಿಸಿ.

ಬೈಂಡಿಂಗ್ ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗ. ಬಿದ್ದಾಗ ಅದು ತಾನಾಗಿ ಬಿಚ್ಚಿಕೊಳ್ಳಬೇಕು. ಎಷ್ಟು ಬಲಕ್ಕೆ ಬಿಚ್ಚಬೇಕು ಅನ್ನುವುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮತ್ತು ನಿಮ್ಮ ಮಟ್ಟ ನೋಡಿ ಹೊಂದಿಸುತ್ತಾರೆ. ಅಂಗಡಿಯವರು ಇದನ್ನೆಲ್ಲ ಕೇಳದೇ ಸ್ಕೀ ಕೈಗೆ ಕೊಟ್ಟರೆ ನೀವೇ ಹೇಳಿ ಹೊಂದಿಸಿಕೊಳ್ಳಿ. ತೂಕ ಹೇಳಲು ಸಂಕೋಚ ಬೇಡ, ನಾಲ್ಕು ಕೆಜಿ ಕಮ್ಮಿ ಹೇಳುವುದೂ ಬೇಡ. ಕಮ್ಮಿ ತೂಕಕ್ಕೆ ಹೊಂದಿಸಿದ ಬೈಂಡಿಂಗ್ ಬೇಡದಾಗಲೂ ಬಿಚ್ಚಿಕೊಳ್ಳುತ್ತದೆ, ಜಾಸ್ತಿ ತೂಕಕ್ಕೆ ಹೊಂದಿಸಿದ್ದು ಬಿಚ್ಚಬೇಕಾದಾಗ ಬಿಚ್ಚದೆ ಮೊಣಕಾಲನ್ನು ತಿರುಚುತ್ತದೆ.

ಈಗ ಎರಡನೇ ಹಂತಕ್ಕೆ ಹೋಗುವವರ ವಿಷಯ. 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. 2024ರ ಫೆಬ್ರವರಿ 22ರಂದು ಅದೇ ಬೆಟ್ಟದ ಖಿಲನ್‌ಮಾರ್ಗ್ ಹತ್ತಿರ ರಷ್ಯಾದ ಒಬ್ಬರು ಸತ್ತರು. ಹೆದರಿಸಲು ಹೇಳುತ್ತಿಲ್ಲ. ನೀವು ಹೋಗುವುದೂ ಅದೇ ತಿಂಗಳು, ಅದೇ ಬೆಟ್ಟ. ಹಿಮ ಜಾಸ್ತಿ ಕುಸಿಯುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಸ್ಕೀ ಬಲ್ಲವರಿಗೆ ತುಂಬ ಮಜಾ ಕೊಡುವ ಇಳಿಜಾರಿನಲ್ಲೇ. ಅದರಲ್ಲೂ ದೊಡ್ಡ ಹಿಮ ಬಿದ್ದ ಮೊದಲ ಒಂದೆರಡು ದಿನ ಅಪಾಯ ಹೆಚ್ಚು. ಎಲ್ಲರೂ ಓಡೋಡಿ ಮೇಲೆ ಹೋಗುವುದೂ ಆ ದಿನಗಳಲ್ಲೇ, ಅಲ್ವಾ?

ಅಲ್ಲಿನ ಸ್ಕೀ ಪ್ಯಾಟ್ರೋಲ್‌ನವರು ಸ್ಫೋಟಕ ಬಳಸಿ ಅಪಾಯದ ಹಿಮವನ್ನು ಮೊದಲೇ ಉದುರಿಸಿ, ಒಂದು ಮಿತಿಯೊಳಗಿನ ಜಾಗವನ್ನು ತೆರೆಯುತ್ತಾರೆ. ಆ ಮಿತಿಯ ಹಗ್ಗ ದಾಟಿದರೆ ಆಮೇಲೆ ನಿಮ್ಮ ಹೊಣೆ ನಿಮ್ಮದು. ನಿಮ್ಮ ಗೆಳೆಯ ಈ ಸಲ ಹಗ್ಗದೊಳಗೇ ಇರಲಿ. ಒಬ್ಬನೇ ಅಂತೂ ಹೋಗಲೇಬಾರದು, ಸ್ಥಳೀಯ ಗೈಡ್ ಜೊತೆಗೇ ಹೋಗಲಿ. ಇಬ್ಬರ ಮೈಮೇಲೂ ಬೀಕನ್, ಬ್ಯಾಗಿನಲ್ಲಿ ಸಲಿಕೆ ಮತ್ತು ಮಡಚುವ ಪ್ರೋಬ್ ಕೋಲು ಇರಬೇಕು. ಬೀಕನ್ ಎಡೆಬಿಡದೆ ಸಂಕೇತ ಕಳಿಸುತ್ತಿರುತ್ತದೆ. ಹಿಮದಡಿ ಸಿಕ್ಕವರನ್ನು ಉಳಿದವರು ತಮ್ಮ ಬೀಕನ್‌ನಿಂದ ಹುಡುಕಿ, ಕೋಲಿನಿಂದ ಚುಚ್ಚಿ ನೋಡಿ, ಅಗೆದು ತೆಗೆಯುತ್ತಾರೆ. ಹದಿನೈದು ನಿಮಿಷ ದಾಟಿದರೆ ಬದುಕುವ ಸಾಧ್ಯತೆ ಕಡಿದು ಬೀಳುತ್ತದೆ. ಹೊರಗಿನ ಸಹಾಯ ಅಷ್ಟರೊಳಗೆ ಬರುವುದು ಅಪರೂಪ. ಅದಕ್ಕೇ ಬಾಡಿಗೆಗೆ ತಂದ ದಿನವೇ ಹೋಟೆಲ್ ಹಿಂದಿನ ಹಿಮದಲ್ಲಿ ಒಂದು ಬೀಕನ್ ಬಚ್ಚಿಟ್ಟು ಹುಡುಕುವ ಅಭ್ಯಾಸ ಮಾಡಿ. ಆರೂ ಜನ ಮಾಡಿ, ಮಕ್ಕಳ ಆಟದ ಹಾಗೆ ಮಜವಾಗಿರುತ್ತದೆ, ಕಲಿತದ್ದೂ ಮರೆಯುವುದಿಲ್ಲ. ಗಾಳಿ ಜೋರಾದರೆ ಅಥವಾ ಹಿಮ ಅಪಾಯದ್ದಿದ್ದರೆ ಎರಡನೇ ಹಂತ ಇಡೀ ದಿನ ಮುಚ್ಚಿರಬಹುದು. ಆ ದಿನ ಗೊಣಗದೆ ಕೆಳಗಿನವರ ಜೊತೆ ಇರಿ.

ಔಲಿ, ಮನಾಲಿ ವಿಚಾರ. ಆರೂ ಜನ ಹೊಸಬರಾಗಿದ್ದರೆ ನಾನು ಔಲಿ ಅನ್ನುತ್ತಿದ್ದೆ, ಇಳಿಜಾರು ಕಲಿಯುವವರಿಗೆ ಚೆನ್ನಾಗಿದೆ. ಆದರೆ ಋಷಿಕೇಶದಿಂದ ಔಲಿಯ ಕೆಳಗಿನ ಊರಾದ ಜೋಶಿಮಠಕ್ಕೆ ಸುಮಾರು 250 ಕಿ.ಮೀ. ಘಾಟಿ ರಸ್ತೆ, ಹೋಗಲು ಒಂದು ದಿನ, ಬರಲು ಒಂದು ದಿನ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಔಲಿಯ ರೋಪ್‌ವೇ ನಿಂತಿತು, ಹಾಗಾಗಿ ಮೇಲಕ್ಕೂ ರಸ್ತೆಯಲ್ಲೇ ಹೋಗುವ ಲೆಕ್ಕ ಹಾಕಬೇಕು. ಐದು ದಿನದ ರಜೆಗೆ ಅದು ಹೊಂದುವುದಿಲ್ಲ. ಮನಾಲಿಯ ಸೋಲಂಗ್ ಕಲಿಯಲು ಸಾಕು, ಆದರೆ ನಿಮ್ಮ ಆಲ್ಪ್ಸ್ ಗೆಳೆಯನಿಗೆ ಒಂದೇ ದಿನಕ್ಕೆ ಬೇಸರ ಬಂದುಬಿಡುತ್ತದೆ. ನಿಮ್ಮ ಗುಂಪಿಗೆ ಗುಲ್ಮಾರ್ಗ್ ಸರಿ. ಶ್ರೀನಗರ ವಿಮಾನ ನಿಲ್ದಾಣದಿಂದ ಸುಮಾರು 50 ಕಿ.ಮೀ. ಅಷ್ಟೇ. ಹಿಮ ಬಿದ್ದಿದ್ದರೆ ತಂಗ್‌ಮಾರ್ಗ್‌ನಿಂದ ಮೇಲೆ ಚೈನ್ ಹಾಕಿದ ಗಾಡಿ ಹಿಡಿಯಬೇಕು. ಬುಕ್ ಮಾಡುವ ಮೊದಲೂ ಹೊರಡುವ ಮೊದಲೂ ಸರ್ಕಾರದ ಪ್ರಯಾಣ ಸೂಚನೆ ನೋಡಿಕೊಳ್ಳಿ.

ಆದರೆ ಐದು ದಿನ ಅಂದರೆ ಹೋಗಿ ಬರುವುದು ಕಳೆದು ಉಳಿಯುವುದು ಮೂರೇ. ಶನಿವಾರ, ಭಾನುವಾರ ಸೇರಿಸಿ ಏಳು ಮಾಡಲು ಆಗುತ್ತದಾ ನೋಡಿ. ಪುಣೆ ಇರುವುದು 560 ಮೀಟರ್ ಎತ್ತರದಲ್ಲಿ. ಅಫರ್ವತ್ ತುದಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ತಲುಪಿದ ದಿನ ಸುಮ್ನೆ ಊರಲ್ಲಿ ಅಡ್ಡಾಡಿ, ನೀರು ಚೆನ್ನಾಗಿ ಕುಡಿಯಿರಿ, ಮದ್ಯ ಬೇಡ. ಮರುದಿನ ತಲೆನೋವು, ವಾಕರಿಕೆ ಇದ್ದರೆ ಮೇಲೆ ಹೋಗಬೇಡಿ. ಮೇಲೆ ಹೋದ ಮೇಲೆ ಶುರುವಾದರೆ ತಕ್ಷಣ ಗೊಂಡೊಲಾ ಹತ್ತಿ ಇಳಿಯಿರಿ. ಬಿಪಿ, ಆಸ್ತಮಾ, ಹೃದಯದ ತೊಂದರೆ ಇರುವವರು ಹೊರಡುವ ಮೊದಲೇ ಡಾಕ್ಟರರ ಹತ್ತಿರ ಮಾತಾಡಬೇಕು.

ಮೈ ತಯಾರಿ ಇವತ್ತಿನಿಂದಲೇ ಶುರು ಮಾಡಿ. ಜಿಮ್‌ನ ಟ್ರೆಡ್‌ಮಿಲ್‌ಗಿಂತ ಸಿಂಹಗಡ ಒಳ್ಳೆಯದು. ಹತ್ತುವುದಕ್ಕಿಂತ ಇಳಿಯುವುದು ಮುಖ್ಯ, ಸ್ಕೀಯಿಂಗ್‌ನಲ್ಲಿ ತೊಡೆ ಮಾಡುವುದು ಅದೇ ಕೆಲಸ, ಭಾರ ತಡೆದು ಹಿಡಿಯುವುದು. ವಾರಕ್ಕೊಮ್ಮೆ ಸಿಂಹಗಡ, ನಡುವೆ ಎರಡು ಸಂಜೆ ವೇತಾಳ ಟೇಕಡಿ ಅಥವಾ ಪಾರ್ವತಿ ಮೆಟ್ಟಿಲು, ನಿಧಾನ ಇಳಿಯಿರಿ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಇಲ್ಲದೆ ಕೂರುವ ಅಭ್ಯಾಸ ಮಾಡಿ.

ಕೊಳ್ಳುವುದು ಕಮ್ಮಿ ಇರಲಿ. ಸ್ಕೀ, ಬೂಟು, ಪೋಲ್, ಹೆಲ್ಮೆಟ್ ಅಲ್ಲೇ ಬಾಡಿಗೆಗೆ ಸಿಗುತ್ತವೆ. ಗ್ಲೌಸ್, ಗಾಗಲ್ಸ್, ಸಾಕ್ಸ್, ಒಳಗೆ ಹಾಕುವ ಥರ್ಮಲ್ ಮಾತ್ರ ಸ್ವಂತದ್ದಾಗಿರಲಿ, ಪುಣೆಯಲ್ಲೇ ಡೆಕಾಥ್ಲಾನ್‌ನಂಥ ಕಡೆ ಸಿಗುತ್ತವೆ. ಜೀನ್ಸ್, ಹತ್ತಿಯ ಬನಿಯನ್ ಬೇಡ, ಒದ್ದೆಯಾದರೆ ಮೈಯ ಕಾವನ್ನೆಲ್ಲ ಹೀರುತ್ತವೆ. ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಶೇ. 80ರಷ್ಟನ್ನು ತಿರುಗಿಸಿ ಮುಖಕ್ಕೇ ಹೊಡೆಯುತ್ತದೆ, ಸನ್‌ಸ್ಕ್ರೀನ್ ಮೂಗಿನ ಕೆಳಗೂ ಹಚ್ಚಿ. ಇನ್ಶೂರೆನ್ಸ್ ಮಾಡಿಸುವಾಗ ಸ್ಕೀಯಿಂಗ್ ಸೇರಿದೆಯಾ, ಗುರುತು ಹಾಕಿದ ದಾರಿ ಬಿಟ್ಟು ಇಳಿದರೂ ಅನ್ವಯಿಸುತ್ತದಾ ಅಂತ ಬರಹದಲ್ಲಿ ಓದಿ ನೋಡಿ. ಬಹಳ ಪಾಲಿಸಿಗಳು ಅದನ್ನು ಬಿಟ್ಟಿರುತ್ತವೆ.

ನಿಮ್ಮ ಅಕ್ಕನ ವಿಷಯಕ್ಕೆ ಬರೋಣ. ಮೊದಲು ಮೂಳೆ ಡಾಕ್ಟರರನ್ನು ಕಾಣಲಿ, ನೋವು ಸವೆತದ್ದಾ, ಲಿಗಮೆಂಟಿನದ್ದಾ ಅಂತ ಗೊತ್ತಾಗಲಿ. ಅವರು ಆಗಬಹುದು ಅಂದರೆ ಮೊದಲ ದಿನ ಎರಡೇ ಗಂಟೆ ಕ್ಲಾಸು ಸಾಕು. ಬೀಳುವ ಹಾಗೆ ಅನ್ನಿಸಿದರೆ ಹಿಂದಕ್ಕೆ ಕುಕ್ಕರಿಸದೆ ಪಕ್ಕಕ್ಕೆ, ಬೆಟ್ಟದ ಕಡೆಗೆ ಮೈ ಚೆಲ್ಲಬೇಕು. ಹಿಂದಕ್ಕೆ ಕೂತಾಗ ಮೊಣಕಾಲಿನ ಲಿಗಮೆಂಟ್ ಹರಿಯುವ ಅಪಾಯ ಜಾಸ್ತಿ. ಡಾಕ್ಟರ್ ಬೇಡ ಅಂದರೆ ಸ್ಕೀ ಬಿಟ್ಟು ಗೊಂಡೊಲಾದಲ್ಲಿ ಓಡಾಡಲಿ. ತುದಿಗೆ ಹೋಗಿ ಬರುವುದಕ್ಕೆ ಅವರಿಗೆ ಯಾವ ಅಡ್ಡಿಯೂ ಇಲ್ಲ. ಎರಡು ಹಂತಕ್ಕೂ ಟಿಕೆಟ್ ಬೇರೆ ಬೇರೆ, ಆನ್‌ಲೈನ್‌ನಲ್ಲೇ ಬುಕ್ ಮಾಡಬೇಕು, ಫೆಬ್ರವರಿಯಲ್ಲಿ ಬೇಗ ಖಾಲಿಯಾಗುತ್ತವೆ. ಆರು ಜನರ ಟಿಕೆಟ್ ಒಂದೇ ದಿನಕ್ಕೆ ತೆಗೆದಿಡಿ.

ತಾರೀಖು ಫೆಬ್ರವರಿಯ ಎರಡು, ಮೂರನೇ ವಾರ ಇಟ್ಟುಕೊಳ್ಳಿ. ಆದರೂ ಹಿಮ ನಮ್ಮ ಕೈಯಲ್ಲಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿತ್ತು. 2025ರಲ್ಲಿ ಫೆಬ್ರವರಿ 22ಕ್ಕೆ ಶುರುವಾಗಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮ ಸಾಲದೆ ಮಾರ್ಚ್‌ಗೆ ಹೋಯಿತು. ಹಾಗಾಗಿ ಹೋಟೆಲ್, ವಿಮಾನ ಎರಡನ್ನೂ ದಿನ ಬದಲಿಸಲು ಬರುವಂಥದ್ದೇ ಮಾಡಿ, ಸ್ವಲ್ಪ ದುಡ್ಡು ಜಾಸ್ತಿ ಹೋದರೂ ಪರವಾಗಿಲ್ಲ. ಹೊರಡುವ ಹತ್ತು ದಿನ ಮುಂಚೆ ನಿಮ್ಮ ಇನ್‌ಸ್ಟ್ರಕ್ಟರ್‌ಗೆ ಫೋನ್ ಮಾಡಿ, ಕೆಳಗಿನ ಬಯಲಿನಲ್ಲಿ ಎಷ್ಟು ಹಿಮ ಇದೆ ಅಂತ ಕೇಳಿ. ತುದಿಯಲ್ಲಿ ಎಷ್ಟಿದೆ ಅಂತ ಎಲ್ಲರೂ ಹೇಳುತ್ತಾರೆ, ನಿಮ್ಮ ಮೂವರು ಹೊಸಬರಿಗೆ ಬೇಕಾದದ್ದು ಬಯಲಿನ ಲೆಕ್ಕ.